ಕೈಗೊಂದು ಕಸಬು, ಕಸಬಿಗೊಂದು ಅಂಗಡಿ

ಕಸಬು ಕಲಿಸುವ ಶಾಲೆಗಳಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಕರಿಹಲಗೆ, ಹಾಜರಿ ಪುಸ್ತಕ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಇರುತ್ತವೆ. ಇನ್ನೊಂದರಲ್ಲಿ ಇವಾವುವೂ ಇಲ್ಲ. ಒಬ್ಬ ಗುರು, ಅವನ ಸುತ್ತ ನಾಲ್ಕಾರು ಹುಡುಗರು, ಎದುರಿಗೊಂದು ಕೆಟ್ಟ ಯಂತ್ರ, ಇಷ್ಟಿದ್ದರೆ ಅದೇ ಶಾಲೆ. ಬೆಂಗಳೂರಿನ ದಂಡು ಪ್ರದೇಶವನ್ನು ಬಲ್ಲವರಿಗೆ ಈ ಎರಡನೆಯ ಬಗೆಯ ಶಾಲೆಯನ್ನು ಪರಿಚಯ ಮಾಡಿಕೊಡಬೇಕಾದುದಿಲ್ಲ. ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಹಳೆಯ ಮೋಟಾರುಗಳ ಒಡಲನ್ನು ಬಿಚ್ಚಿ, ಕೆಲಸಕ್ಕೆ ಬರುವುದನ್ನು ಒಂದು ಕಡೆಗೂ ಬಾರದುದನ್ನು ಇನ್ನೊಂದು ಕಡೆಗೂ ಹಾಕುತ್ತ ಕುಳಿತಿರುವ ಹುಡುಗನು ಯಾವ ಪುಸ್ತಕವನ್ನೂ ಓದಿ ಅದನ್ನು ಕಲಿತವನಲ್ಲ. ಅವನ ಉಸ್ತಾದನೇ ಅವನ ಪಠ್ಯ. ಉಸ್ತಾದನ ಗದರಿಕೆಯೇ ವ್ಯಾಖ್ಯಾನ. ಹಲಸೂರಿನ ಓಣಿಗಳಲ್ಲಿ ತಂತಿ ಸುತ್ತುವವರು, ಕೃಷ್ಣರಾಜಪುರದ ಹೆದ್ದಾರಿಯ ಮಗ್ಗುಲಲ್ಲಿ ಬೆಸುಗೆ ಹಾಕುವವರು, ಇವರೆಲ್ಲರೂ ಇದೇ ಪರಂಪರೆಯವರು. ಒಬ್ಬನ ಮನೆಮಾತು ಉರ್ದು, ಇನ್ನೊಬ್ಬನದು ತಮಿಳು, ಮತ್ತೊಬ್ಬನದು ತೆಲುಗು, ಪಕ್ಕದವನದು ಕನ್ನಡ. ಆದರೆ ತಂತಿಯ ಬಿಸಿಯನ್ನು ಬೆರಳ ತುದಿಯಿಂದ ಅರಿಯುವ ಭಾಷೆ ಎಲ್ಲರಿಗೂ ಒಂದೇ.

ಇಷ್ಟು ಬಲ್ಲ ಕೈಗಳಲ್ಲಿ ಸ್ವಂತ ಅಂಗಡಿಯ ಬೀಗದ ಕೈ ಹಿಡಿದವು ಇಷ್ಟು ಕಡಿಮೆ ಏಕೆ? ಹತ್ತು ವರ್ಷ ದುಡಿದ ಮೇಲೂ ಅನೇಕರು ದಿನಗೂಲಿಯ ಸಹಾಯಕರಾಗಿಯೇ ಉಳಿಯುವುದೇಕೆ? ಹಳೆಯ ಕಸಬುಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳುವ ಕಾಲ ಬಹುಮಟ್ಟಿಗೆ ಮೀರಿದೆ. ಆದರೆ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಹೊಸ ಕಸಬೊಂದು ನಮ್ಮ ಮಾಳಿಗೆಗಳನ್ನು ಏರುತ್ತಿರುವ ಈ ದಿನಗಳಲ್ಲಿ ಅದನ್ನು ಕೇಳಿಕೊಳ್ಳದಿದ್ದರೆ, ಇನ್ನೊಂದು ತಲೆಮಾರಿನ ಹುಡುಗರು ಏಣಿ ಹಿಡಿದು ನಿಲ್ಲುವುದರಲ್ಲಿಯೇ ಆಯುಷ್ಯ ಕಳೆದಾರು.

ಹೆಬ್ಬಾಗಿಲು ಮುಚ್ಚಿದ ಮೇಲೆ

ಬೆಂಗಳೂರಿನ ಪೂರ್ವಭಾಗ ಒಂದು ಕಾಲಕ್ಕೆ ಕಾರ್ಖಾನೆಗಳ ಸೀಮೆ. 1940ರಲ್ಲಿ ವಿಮಾನದ ಕಾರ್ಖಾನೆ ಸ್ಥಾಪಿತವಾಯಿತು. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಹುಟ್ಟಿತು. ಕೃಷ್ಣರಾಜಪುರದ ನೆರೆಯಲ್ಲಿ ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂಬ ಅಚ್ಚುಕಟ್ಟಾದ ಹೆಸರೇ ಬಂದಿತು. ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎ.ಇ.ಜಿ. ಸಂಸ್ಥೆಯ ಸಹಯೋಗದಿಂದ ಎನ್.ಜಿ.ಇ.ಎಫ್. ತಲೆಯೆತ್ತಿ, ವಿದ್ಯುತ್ ಮೋಟಾರುಗಳನ್ನೂ ಟ್ರಾನ್ಸ್‌ಫಾರ್ಮರುಗಳನ್ನೂ ತಯಾರಿಸಿತು. ಇಂಥ ಕಾರ್ಖಾನೆಗಳ ಕಾಲದಲ್ಲಿ ಕುಶಲ ಶಿಕ್ಷಣದ ಗುರಿ ಏನೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಹುಡುಗನು ಫಿಟ್ಟರನೋ ಟರ್ನರನೋ ಆಗಿ ತರಬೇತಿ ಮುಗಿಸಿದರೆ, ಅದರ ತುದಿಯಲ್ಲಿ ಕಾರ್ಖಾನೆಯ ಹೆಬ್ಬಾಗಿಲು ಕಾಣುತ್ತಿತ್ತು. ಅದನ್ನು ಹೊಕ್ಕವನಿಗೆ ಸಂಬಳ, ವಸತಿ, ನಿವೃತ್ತಿಯ ದಿನದ ಹಾರ ಎಲ್ಲವೂ ಸಾಲಾಗಿ ಬರುತ್ತಿದ್ದುವು. ಲೆಕ್ಕ ಬರೆಯುವುದು, ಗಿರಾಕಿಯನ್ನು ಹುಡುಕುವುದು, ಬ್ಯಾಂಕಿನವರ ಮುಂದೆ ನಿಲ್ಲುವುದು, ಇವಾವುವೂ ಅವನ ತಲೆಯ ಭಾರವಾಗಿರಲಿಲ್ಲ.

ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು. ಉಳಿದ ಕಾರ್ಖಾನೆಗಳು ಇವೆಯಾದರೂ ಕಲಿತು ಬಂದವರನ್ನು ಹಿಂಡುಹಿಂಡಾಗಿ ಒಳಕ್ಕೆ ಕರೆದುಕೊಳ್ಳುವ ಕಾಲ ಕಳೆದುಹೋಯಿತು. ಇಂದು ಬೈಯಪ್ಪನಹಳ್ಳಿಯ ಮೇಲೆ ಮೆಟ್ರೋ ರೈಲು ಹಾಯುತ್ತದೆ. ತರಬೇತಿ ಇದೆ, ಹೆಬ್ಬಾಗಿಲಿಲ್ಲ. ಇದೇ ಈಗಿನ ಅವಸ್ಥೆ. ನಮ್ಮ ತರಬೇತಿಯ ಪಾಠಪಟ್ಟಿಗಳು ಮಾತ್ರ ಇನ್ನೂ ಆ ಹೆಬ್ಬಾಗಿಲು ತೆರೆದಿದೆಯೆಂದೇ ತಿಳಿದು ನಡೆಯುತ್ತಿರುವಂತೆ ತೋರುತ್ತದೆ. ಕೈಗೆ ಕೆಲಸ ಕಲಿಸಿದರೆ ಸಾಕು, ಮುಂದಿನದನ್ನು ಯಾರೋ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯಲ್ಲಿ ಆ ‘ಯಾರೋ’ ಎಂಬವನು ಈಗ ಇಲ್ಲ.

ಬಿಸಿಲೆಂಬ ಬಂಡವಾಳ

ನಮ್ಮ ನಾಡಿನ ವಿದ್ಯುತ್ತಿನ ಕಥೆ ದೊಡ್ಡವರ ಕಥೆ. ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಅದಕ್ಕೆ ನದಿ ಬೇಕಾಯಿತು, ಸರ್ಕಾರ ಬೇಕಾಯಿತು, ಹೊರದೇಶದ ಯಂತ್ರಗಳು ಬೇಕಾದುವು. ಸಣ್ಣ ಕಸಬುದಾರನಿಗೆ ಅದರಲ್ಲಿ ದೊರೆತ ಪಾಲು ಗೋಡೆಯೊಳಗೆ ತಂತಿ ಎಳೆಯುವಷ್ಟು ಮಾತ್ರ. ಸೂರ್ಯನ ವಿದ್ಯುತ್ತು ಹಾಗಲ್ಲ. ಅದು ಉಪಯೋಗವಾಗುವ ಮನೆಯ ಮಾಳಿಗೆಯ ಮೇಲೆಯೇ ಹುಟ್ಟುತ್ತದೆ. ಮಾಳಿಗೆ ಹತ್ತುವವನೂ, ಅಳತೆ ಹಿಡಿಯುವವನೂ, ಕೂಡಿಸುವವನೂ, ಕೆಟ್ಟರೆ ಓಡಿಬರುವವನೂ ಅದೇ ಬೀದಿಯವನಾದರೆ ಎಲ್ಲರಿಗೂ ಅನುಕೂಲ. ಸಣ್ಣವನಿಗೆ ಸಲ್ಲುವ ಉದ್ಯಮ ಇದು.

ಲೆಕ್ಕ ಕಠಿಣವಲ್ಲ. ಒಂದು ಕಿಲೋವ್ಯಾಟಿನ ಫಲಕಗಳಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಬೆಂಗಳೂರಿನ ಬಿಸಿಲಿನಲ್ಲಿ ವರ್ಷದ ಸರಾಸರಿಗೆ ದಿನಕ್ಕೆ ನಾಲ್ಕು ಯೂನಿಟ್ಟಿನ ಆಸುಪಾಸು ದೊರೆಯುತ್ತದೆ. ನಮ್ಮ ಊರು ಉತ್ತರ ಅಕ್ಷಾಂಶದ ಹದಿಮೂರನೆಯ ಡಿಗ್ರಿಯ ಸಮೀಪದಲ್ಲಿರುವುದರಿಂದ ಫಲಕಗಳು ದಕ್ಷಿಣಕ್ಕೆ ಮುಖಮಾಡಿ ತುಸುವೇ ಬಾಗಿರಬೇಕು. ದಕ್ಷಿಣವನ್ನು ಯಮನ ದಿಕ್ಕೆಂದು ಅಂಜಿ ಬಾಗಿಲನ್ನೂ ಇಡದ ಜನ ಇದೊಂದಕ್ಕೆ ಮಾತ್ರ ದಕ್ಷಿಣವನ್ನೇ ಅರಸಬೇಕಾಗಿ ಬಂದುದು ಕಾಲದ ಹಾಸ್ಯ. ಪಕ್ಕದ ಕಟ್ಟಡದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ, ಗಾಳಿಗೆ ಚೌಕಟ್ಟು ಅಲುಗದಂತೆ ಎಲ್ಲಿ ಬಿಗಿಯಬೇಕು, ಮಾಳಿಗೆಯ ಗಾರೆಯನ್ನು ಕೆಡಿಸದೆ ಕಂಬ ನಿಲ್ಲಿಸುವುದು ಹೇಗೆ, ಸಿಡಿಲಿಗೆ ಭೂಸಂಪರ್ಕ ಹೇಗೆ ಕೊಡಬೇಕು—ಇವು ಕಲಿಯಬೇಕಾದ ವಿದ್ಯೆಗಳು. ತಂತಿಯ ಕೆಲಸವನ್ನೂ ಬೆಸುಗೆಯನ್ನೂ ಬಲ್ಲವನಿಗೆ ಇವು ಕೆಲವೇ ತಿಂಗಳ ಕಲಿಕೆ.

ಕಲಿಸುವ ಏರ್ಪಾಡೂ ಇಲ್ಲದಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ 2015ರಲ್ಲಿ ‘ಸೂರ್ಯಮಿತ್ರ’ ಎಂಬ ಉಚಿತ ತರಬೇತಿಯನ್ನು ಆರಂಭಿಸಿತು. ಅದು ವಸತಿಸಹಿತವಾದ ಮೂರು ತಿಂಗಳ, 600 ಗಂಟೆಗಳ ಪಾಠವಾಗಿ ರೂಪುಗೊಂಡಿತು. ವಿದ್ಯುತ್ ಕೆಲಸದಲ್ಲಿ ಐ.ಟಿ.ಐ. ಮುಗಿಸಿದ ತರುಣ ತರುಣಿಯರನ್ನು ಸೌರ ಕೆಲಸಕ್ಕೆ ಸಜ್ಜುಗೊಳಿಸುವುದೇ ಅದರ ಉದ್ದೇಶ. ಉದ್ದೇಶ ಒಳ್ಳೆಯದು. ಆದರೆ ಸೂರ್ಯಮಿತ್ರನಾಗಿ ಹೊರಬಂದವನು ಮರುದಿನ ಎಲ್ಲಿಗೆ ಹೋಗಬೇಕು? ಬಹುಮಟ್ಟಿಗೆ ಇನ್ನೊಬ್ಬ ಗುತ್ತಿಗೆದಾರನ ಬಾಗಿಲಿಗೆ. ಪ್ರಮಾಣಪತ್ರಕ್ಕೂ ಅಂಗಡಿಗೂ ನಡುವೆ ಒಂದು ಹಳ್ಳವಿದೆ. ಅದನ್ನು ಕೈಯ ಜಾಣ್ಮೆಯೊಂದರಿಂದಲೇ ದಾಟಲಾಗದು.

ಉಜಿರೆಯಲ್ಲಿ ಕಂಡ ದಾರಿ

ಈ ಹಳ್ಳಕ್ಕೆ ಸೇತುವೆ ಕಟ್ಟಿದ ಕೀರ್ತಿ ನಮ್ಮ ನಾಡಿನದೇ ಎಂಬುದು ಸಂತೋಷದ ಸಂಗತಿ. ನೇತ್ರಾವತಿಯ ಸೀಮೆಯ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ವಿದ್ಯಾ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ಒಂದು ಸಂಸ್ಥೆಯನ್ನು ಕಟ್ಟಿದುವು. ರುಡ್‌ಸೆಟ್ ಎಂದು ಅದರ ಚುಟುಕು ಹೆಸರು. ನಿರುದ್ಯೋಗಿ ತರುಣರಿಗೆ ಊಟ ವಸತಿ ಕೊಟ್ಟು, ಕೆಲವು ವಾರ ಕಸಬನ್ನು ಕಲಿಸಿ ಕಳುಹಿಸುವುದು ಅದರ ಕೆಲಸ. ಇಷ್ಟೇ ಆಗಿದ್ದರೆ ಹೇಳಬೇಕಾದುದೇನೂ ಇರಲಿಲ್ಲ. ಅಲ್ಲಿ ಕಸಬಿನ ಜೊತೆಗೆ ಲೆಕ್ಕ ಇಡುವುದನ್ನು ಕಲಿಸಿದರು, ತನ್ನ ಊರಿನ ಪೇಟೆಯನ್ನು ಅಳೆದು ನೋಡುವುದನ್ನು ಕಲಿಸಿದರು, ಸಾಲಕ್ಕೆ ಬ್ಯಾಂಕನ್ನು ಎದುರಿಸುವುದನ್ನು ಕಲಿಸಿದರು. ತರಬೇತಿ ಮುಗಿದ ಮೇಲೂ ಎರಡು ವರ್ಷ ಶಿಷ್ಯನ ಬೆನ್ನು ಬಿಡದೆ ವಿಚಾರಿಸಿಕೊಳ್ಳುವ ಪದ್ಧತಿಯನ್ನು ಇಟ್ಟುಕೊಂಡರು. ಕಲಿಸುವವರ ಪಂಕ್ತಿಯಲ್ಲಿಯೇ ಸಾಲ ಕೊಡುವವರೂ ಕುಳಿತಿದ್ದುದು ಇಲ್ಲಿನ ವಿಶೇಷ. ಈ ಮಾದರಿಯನ್ನು ಮೆಚ್ಚಿ 2009ರಲ್ಲಿ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೂ ಇಂಥ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆ ಹೂಡಿತು. ಆದರೆ ಅವುಗಳ ಮುಖ್ಯ ಲಕ್ಷ್ಯ ಗ್ರಾಮೀಣ ತರುಣರು. ಶಿವಾಜಿನಗರದ ಬಡಹುಡುಗ ಬಡವನಾದರೂ ಪಟ್ಟಣಿಗ.

ಇದೇ ನೆಲದಲ್ಲಿ ಸೌರಬೆಳಕಿನ ಇನ್ನೊಂದು ಪ್ರಯೋಗವೂ ನಡೆಯಿತು. ಉಡುಪಿ ಜಿಲ್ಲೆಯ ಮೂಲದ ಹರೀಶ್ ಹಂದೆಯವರು ಖರಗಪುರದಲ್ಲಿ ಶಕ್ತಿವಿಜ್ಞಾನವನ್ನು ಓದಿ ಅಮೆರಿಕಕ್ಕೆ ಹೋದವರು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಬಡ ಸಂಸಾರಗಳು ಹಣ ತೆತ್ತು ಸೌರದೀಪ ಉರಿಸುವುದನ್ನು ಕಂಡು ಅವರ ಸಂಶೋಧನೆಯ ದಾರಿಯೇ ಬದಲಾಯಿತು. 1995ರಲ್ಲಿ ಬೆಂಗಳೂರಿನಲ್ಲಿ ನೆವಿಲ್ ವಿಲಿಯಮ್ಸ್ ಎಂಬವರೊಡನೆ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದರು. ಬಡವನು ಬೆಲೆ ಕೊಡಲಾರ, ಬಡವನು ಯಂತ್ರವನ್ನು ನೋಡಿಕೊಳ್ಳಲಾರ ಎಂಬ ಎರಡು ನಂಬಿಕೆಗಳನ್ನು ಸುಳ್ಳುಮಾಡುವುದು ಅವರ ಹಟವಾಗಿತ್ತು. ಸ್ಥಳೀಯ ತರುಣರನ್ನೇ ಕೆಲಸಕ್ಕೆ ತಯಾರು ಮಾಡಿ, ದೀಪ ಕೆಟ್ಟರೆ ಮನೆಬಾಗಿಲಿಗೇ ಹೋಗಿ ಸರಿಪಡಿಸುವ ವ್ಯವಸ್ಥೆಯನ್ನು ಶಾಖೆಶಾಖೆಯಲ್ಲಿ ಕಟ್ಟಿದರು. ದೀಪಕ್ಕೆ ಸಾಲ ಕೊಡುವಂತೆ ಗ್ರಾಮೀಣ ಬ್ಯಾಂಕುಗಳ ಮನವೊಲಿಸಿದರು. ಮುಂದೆ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರಸಾಲದ ಯೋಜನೆಯನ್ನು ಕೈಗೊಂಡು, ಕೆಲವೇ ವರ್ಷಗಳಲ್ಲಿ 18,000ಕ್ಕೂ ಹೆಚ್ಚು ಮನೆಗಳಿಗೆ ಸಾಲ ಕೊಟ್ಟುವು. ಹಂದೆಯವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಪ್ರಶಸ್ತಿಗಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಹಿಡಿಯಬೇಕಾದುದು ಬೆಂಗಳೂರಿನ ತಳ್ಳುಗಾಡಿಗಳಿಗೆ ಸಂಬಂಧಿಸಿದ ಒಂದು ಸಣ್ಣ ವ್ಯವಸ್ಥೆ. ಸಂಜೆಯ ವ್ಯಾಪಾರಿಗೆ ಬೇಕಾದುದು ನಾಲ್ಕು ಗಂಟೆಯ ಬೆಳಕು. ತಿಂಗಳಿಗೆ ಮುನ್ನೂರು ರೂಪಾಯಿ ಎಂದರೆ ಅವಳಿಗೆ ದುಬಾರಿ. ದಿನಕ್ಕೆ ಹತ್ತು ರೂಪಾಯಿ ಎಂದರೆ ಕೈಗೆಟುಕುವ ಮಾತು. ಮೊತ್ತ ಒಂದೇ ಅಲ್ಲವೇ ಎಂದು ಗಣಿತ ಬಲ್ಲವರು ಕೇಳಬಹುದು. ದಿನದ ಗಳಿಕೆಯಲ್ಲಿ ದಿನವನ್ನು ದೂಡುವವರ ಗಣಿತ ಬೇರೆ ಎಂಬುದನ್ನು ಬೀದಿಯ ವ್ಯಾಪಾರಿಗಳಿಂದಲೇ ಕಲಿತೆವೆಂದು ಹಂದೆಯವರು ಹೇಳಿಕೊಂಡಿದ್ದಾರೆ. ಈ ತಿಳಿವಳಿಕೆಯ ಮೇಲೆ ಹುಟ್ಟಿದ ಉಪಾಯವಿದು: ಒಬ್ಬ ಸಣ್ಣ ಉದ್ಯಮಿ ಬ್ಯಾಂಕಿನ ಸಾಲದಿಂದ ಫಲಕಗಳನ್ನೂ ಬ್ಯಾಟರಿಗಳನ್ನೂ ಕೊಂಡು, ಹಗಲೆಲ್ಲ ಬ್ಯಾಟರಿಗಳಿಗೆ ವಿದ್ಯುತ್ತು ತುಂಬಿ, ಸಂಜೆ ಗಾಡಿಗಳಿಗೆ ದೀಪವನ್ನು ಬಾಡಿಗೆಗೆ ಕೊಟ್ಟು, ರಾತ್ರಿ ದಿನದ ಬಾಡಿಗೆಯೊಡನೆ ಹಿಂದಕ್ಕೆ ತರುವನು. ಸೀಮೆಎಣ್ಣೆಯ ಹೊಗೆ ತಪ್ಪಿತು. ಒಬ್ಬನಿಗೆ ಉದ್ಯಮ ದೊರೆಯಿತು. ಇಲ್ಲಿ ಮಾರಾಟವಾದುದು ಯಂತ್ರವಲ್ಲ, ಬೆಳಕು. ಕಸಬುದಾರನು ಉದ್ಯಮಿಯಾಗುವ ಗುಟ್ಟು ಈ ವ್ಯತ್ಯಾಸದಲ್ಲಿ ಅಡಗಿದೆ.

ರಿಪೇರಿಯಿಂದ ಅಂಗಡಿಗೆ

ಈ ಪಾಠಗಳನ್ನು ದಂಡಿನ ಕಡೆಗೆ ತಿರುಗಿಸಿ ನೋಡೋಣ. ಕಿಲೋವ್ಯಾಟುಗಳ ಲೆಕ್ಕದಲ್ಲಿ ಫಲಕ ಮಾರುವ ದೊಡ್ಡ ಅಂಗಡಿ ಮೊದಲ ದಿನವೇ ಸಾಧ್ಯವಿಲ್ಲ. ಆದರೆ ಇಂದಿರಾನಗರದ ಮಾಳಿಗೆಗಳನ್ನು ಕಣ್ಣೆತ್ತಿ ನೋಡಿದರೆ ಬೇರೊಂದು ಅವಕಾಶ ಕಾಣುತ್ತದೆ. ಬೆಂಗಳೂರಿನಲ್ಲಿ ‘ಸೋಲಾರ್ ಹಾಕಿಸಿದ್ದೇವೆ’ ಎಂದರೆ ಬಹುಕಾಲ ನೀರು ಕಾಯಿಸುವ ಯಂತ್ರವೆಂದೇ ಅರ್ಥ. ಕರ್ನಾಟಕ ಸರ್ಕಾರ 2007ರಲ್ಲಿ ಹಲವು ಬಗೆಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿದ ಮೇಲಂತೂ ಅವು ಎಲ್ಲೆಲ್ಲೂ ಏರಿದುವು. ಕೊಳವೆಬಾವಿಯ ಗಡಸು ನೀರಿನ ಲವಣ ಅವುಗಳ ಕೊಳವೆಗಳಲ್ಲಿ ಗಟ್ಟಿಕಟ್ಟುತ್ತದೆ. ಬಿಸಿನೀರು ಕ್ರಮವಾಗಿ ಉಗುರು ಬೆಚ್ಚಗಾಗುತ್ತದೆ. ಫಲಕಗಳ ಮೇಲೆ ಧೂಳು ಕುಳಿತು ವಿದ್ಯುತ್ತು ಕುಗ್ಗುತ್ತದೆ. ಬ್ಯಾಟರಿಗೆ ಶುದ್ಧಜಲ ಹಾಕುವವರಿಲ್ಲದೆ ಅದು ಅಕಾಲದಲ್ಲಿ ಸಾಯುತ್ತದೆ. ಕೂಡಿಸುವವರು ಹಲವರು, ನೋಡಿಕೊಳ್ಳುವವರು ಕೆಲವರು. ಹೀಗೆ ಅನಾಥವಾದ ಯಂತ್ರಗಳೇ ಹೊಸ ಉದ್ಯಮಿಯ ಮೊದಲ ಗಿರಾಕಿಗಳು. ವರ್ಷದ ಕರಾರಿನ ಮೇಲೆ ಐವತ್ತು ಮಾಳಿಗೆಗಳನ್ನು ನೋಡಿಕೊಳ್ಳುವ ಇಬ್ಬರು ತರುಣರಿಗೆ ಬೇಕಾಗುವ ಬಂಡವಾಳ ಕೆಲವು ಉಪಕರಣಗಳು, ಒಂದು ದ್ವಿಚಕ್ರವಾಹನ, ಒಂದು ಲೆಕ್ಕದ ಪುಸ್ತಕ. ಒಂದು ಬೀದಿಯ ನಂಬಿಕೆಯನ್ನು ಗಳಿಸಿದವನಿಗೆ ಹೊಸ ಫಲಕ ಕೂಡಿಸುವ ಕೆಲಸವೂ ಆ ಬೀದಿಯಿಂದಲೇ ಬರುತ್ತದೆ.

ಆ ಮೇಲಿನ ಮೆಟ್ಟಿಲಿಗೆ ಈಗ ಸರ್ಕಾರದ ಆಸರೆಯುಂಟು. 2024ರ ಫೆಬ್ರವರಿಯಲ್ಲಿ ಆರಂಭವಾದ ‘ಪಿ.ಎಂ. ಸೂರ್ಯ ಘರ್’ ಯೋಜನೆ ಒಂದು ಕೋಟಿ ಮನೆಗಳ ಮಾಳಿಗೆಯನ್ನು ಗುರಿಯಾಗಿಟ್ಟುಕೊಂಡು, ಮೂರು ಕಿಲೋವ್ಯಾಟು ಮತ್ತು ಅದಕ್ಕೆ ಮೇಲ್ಪಟ್ಟ ವ್ಯವಸ್ಥೆಗೆ 78,000 ರೂಪಾಯಿಯ ಸಹಾಯಧನವನ್ನು ಗೊತ್ತುಮಾಡಿತು. ಸಣ್ಣ ಉದ್ಯಮದ ಸಾಲಕ್ಕೆ 2015ರಲ್ಲಿ ಬಂದ ಮುದ್ರಾ ಯೋಜನೆಯಿದೆ. ಅದರ ಮೊದಲ ಮೆಟ್ಟಿಲು 50,000 ರೂಪಾಯಿಯವರೆಗಿನದು. ಆದರೆ ತೊಡಕುಗಳನ್ನು ಮರೆಮಾಚಿ ತರುಣರನ್ನು ಹುರಿದುಂಬಿಸುವುದು ಸರಿಯಲ್ಲ. ಕರ್ನಾಟಕದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ ಬಳಸುವ ಮನೆಗಳು ವಿದ್ಯುತ್ತಿಗೆ ಹಣ ತೆರಬೇಕಾಗಿಲ್ಲ; ಬಡವರಿಗೆ ಅದು ದೊಡ್ಡ ನೆಮ್ಮದಿ, ಆದರೆ ಆ ಮನೆಯವರು ಫಲಕ ಕೊಳ್ಳಲು ಕಾರಣವೂ ಇಲ್ಲ. ಶಿವಾಜಿನಗರ ಹಲಸೂರುಗಳಲ್ಲಿ ಬಾಡಿಗೆದಾರರೇ ಬಹಳ, ಮಾಳಿಗೆ ಅವರದಲ್ಲ. ಮನೆಗೆ ಮನೆ ಅಂಟಿಕೊಂಡ ಓಣಿಗಳಲ್ಲಿ ನೆರಳಿನ ಕಾಟ. ಆದುದರಿಂದ ತನ್ನ ಓಣಿಯ ಹುಡುಗನು ತನ್ನ ಓಣಿಯಲ್ಲಿಯೇ ಗಿರಾಕಿಯನ್ನು ಅರಸಿದರೆ ಸೋಲುತ್ತಾನೆ. ಹೆಚ್ಚು ಬಿಲ್ಲು ತೆರುವ ದೊಡ್ಡ ಮನೆಗಳು, ಶಾಲೆಗಳು, ದೇವಸ್ಥಾನ ಮಸೀದಿ ಚರ್ಚುಗಳು, ಅಂಗಡಿಗಳು, ಸಣ್ಣ ಕಾರ್ಖಾನೆಗಳು, ಬ್ಯಾಟರಿಯ ದೀಪ ಬೇಕಾದ ತಳ್ಳುಗಾಡಿಗಳು, ಇವೇ ಅವನ ಪೇಟೆ. ಪೇಟೆಯನ್ನು ಅಳೆಯುವುದೆಂದರೆ ಇದೇ. ಉಜಿರೆಯಲ್ಲಿ ಕಲಿಸಿದ ಆ ಪಾಠ ಇಲ್ಲಿ ಬೇಕಾಗುತ್ತದೆ.

ಅಕ್ಷರದ ಪಾಲು

ಕನ್ನಡ ಪಾಠ ಹೇಳುವವನಿಗೆ ಫಲಕ ಬ್ಯಾಟರಿಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಅಂಗಡಿ ತೆರೆಯಬಯಸುವ ಹುಡುಗನು ದಾಟಬೇಕಾದ ಹೊಸ್ತಿಲುಗಳನ್ನು ಎಣಿಸಿ ನೋಡಿ. ಸಾಲದ ಅರ್ಜಿ ಬರೆಯಬೇಕು. ವಿದ್ಯುತ್ ಗುತ್ತಿಗೆಯ ಪರವಾನಗಿಯ ನಿಯಮಗಳನ್ನು ಓದಿ ತಿಳಿಯಬೇಕು. ಬೆಸ್ಕಾಮಿಗೆ ಕಾಗದ ಕೊಡಬೇಕು. ಗಿರಾಕಿಗೆ ದರಪಟ್ಟಿ ಒಪ್ಪಿಸಬೇಕು. ಏನನ್ನು ಮಾಡಿಕೊಡುವೆ, ಏನನ್ನು ಮಾಡಿಕೊಡಲಾರೆ, ಎಷ್ಟು ವರ್ಷ ಹೊಣೆ ಎಂಬ ಕರಾರನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯಬೇಕು. ಎಲ್ಲವೂ ಬರವಣಿಗೆಯ ಕೆಲಸ! ತಂತಿಗೆ ಅಂಜದ ಹುಡುಗ ಕಾಗದಕ್ಕೆ ಅಂಜುತ್ತಾನೆ. ಕೈ ಕಲಿತವನು ಕಾಗದ ಬಲ್ಲವನ ಕೈಕೆಳಗೆ ದುಡಿಯುವುದು ನಡೆದುಬಂದಿರುವುದು ಬಹುಪಾಲು ಈ ಅಂಜಿಕೆಯಿಂದಲೇ.

ರಾಜಸ್ಥಾನದ ತಿಲೋನಿಯಾ ಎಂಬ ಹಳ್ಳಿಯಲ್ಲಿ ಬಂಕರ್ ರಾಯ್ ಅವರು 1972ರಲ್ಲಿ ಸ್ಥಾಪಿಸಿದ ‘ಬೇರ್‌ಫುಟ್ ಕಾಲೇಜ್’ ಓದು ಬರಹ ಬಾರದ ಅಜ್ಜಿಯರಿಗೆ ಸೌರದೀಪದ ವಿದ್ಯೆಯನ್ನು ಕಲಿಸಿ ಲೋಕದ ಗಮನ ಸೆಳೆಯಿತು. ಆಫ್ರಿಕದ ಹಲವು ದೇಶಗಳ ಹೆಂಗಸರು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದಿದ್ದರೂ, ಬಣ್ಣ ಮತ್ತು ಸನ್ನೆಗಳ ಮೂಲಕವೇ ಆರು ತಿಂಗಳಲ್ಲಿ ಜೋಡಣೆ ರಿಪೇರಿಗಳನ್ನು ಕಲಿತು ತಮ್ಮ ಊರುಗಳನ್ನು ಬೆಳಗಿದರು. ಕೈಯ ವಿದ್ಯೆಗೆ ಅಕ್ಷರ ಅನಿವಾರ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಅಲ್ಲಿ ಊರೊಟ್ಟಿನ ಸಮಿತಿ ಹಣವನ್ನು ಕೂಡಿಸಿ ಆ ಅಜ್ಜಿಗೆ ಸಂಬಳ ಕೊಡುವ ಏರ್ಪಾಡಿತ್ತು. ನಗರದ ಪೇಟೆಯಲ್ಲಿ ಒಂಟಿಯಾಗಿ ನಿಲ್ಲುವ ತರುಣನಿಗೆ ಅಂಥ ಊರೊಟ್ಟು ಇಲ್ಲ. ಅವನ ಪರವಾಗಿ ಮಾತಾಡಬೇಕಾದುದು ಅವನೇ ಬರೆದ ಕಾಗದ.

ನಮ್ಮ ಪಠ್ಯಗಳಲ್ಲಿ ವ್ಯಾವಹಾರಿಕ ಪತ್ರ ಎಂಬ ಭಾಗವೊಂದು ಇದ್ದೇ ಇದೆ. ವಿದ್ಯಾರ್ಥಿಗಳು ಅದನ್ನು ಐದು ಅಂಕಗಳ ಪ್ರಶ್ನೆಯೆಂದು ಬಗೆಯುತ್ತಾರೆ. ಅಧ್ಯಾಪಕರಾದ ನಾವೂ ಕಾವ್ಯಭಾಗವನ್ನು ಮುಗಿಸಿ ಉಳಿದ ಗಂಟೆಯಲ್ಲಿ ಅದನ್ನು ಓಡಿಸುತ್ತೇವೆ. ಇಲ್ಲದ ಪುಸ್ತಕದಂಗಡಿಗೆ ಇಲ್ಲದ ಪುಸ್ತಕ ಬೇಡುವ ಆ ಪತ್ರದ ಬದಲು, ಹತ್ತಿರದ ಐ.ಟಿ.ಐ.ಯ ಹುಡುಗರನ್ನು ಕೂಡಿಸಿಕೊಂಡು ನಿಜವಾದ ಸಾಲದರ್ಜಿಯನ್ನು, ನಿಜವಾದ ದರಪಟ್ಟಿಯನ್ನು, ನಿಜವಾದ ಕರಾರನ್ನು ತಿಳಿಗನ್ನಡದಲ್ಲಿ ಬರೆಸಿದರೆ ಏನಾದೀತು? ನಮ್ಮ ವಿದ್ಯಾರ್ಥಿಗಳಿಗೆ ಭಾಷೆಯ ಉಪಯೋಗ ತಿಳಿದೀತು. ಆ ಹುಡುಗರಿಗೆ ಕಾಗದದ ಅಂಜಿಕೆ ಬಿಟ್ಟೀತು. ತರಬೇತಿಯ ಪುಸ್ತಕಗಳು ಕನ್ನಡದಲ್ಲಿ ಬರುವಾಗಲೂ ಇದೇ ಎಚ್ಚರ ಬೇಕು. ಇನ್ವರ್ಟರನ್ನು ಜನ ಇನ್ವರ್ಟರೆಂದೇ ಕರೆಯುತ್ತಾರೆ. ಅದಕ್ಕೆ ನಾಲ್ಕು ಸಂಸ್ಕೃತ ಪದಗಳ ಸಮಾಸವನ್ನು ಹೊಸೆದರೆ ನಿಘಂಟು ದಪ್ಪವಾದೀತು, ಕೆಲಸ ತೆಳುವಾದೀತು.

ಶಿವನಸಮುದ್ರದ ಕಾಲದಲ್ಲಿ ಬೆಳಕು ದೂರದಿಂದ ಬರಬೇಕಾಗಿತ್ತು. ಬಡಾವಣೆಯ ಹುಡುಗರು ಕಂಬದ ಕೆಳಗೆ ನಿಂತು ನೋಡಬೇಕಾಗಿತ್ತು. ಈಗ ಅದು ಅವರ ತಲೆಯ ಮೇಲೆಯೇ ಬೀಳುತ್ತಿದೆ. ಅದನ್ನು ಹಿಡಿಯುವ ಕೈ ಅವರಿಗಿದೆ. ಆ ಕೈಗೆ ಸಾಲ ಕೊಡುವ ಬ್ಯಾಂಕು, ಎರಡು ವರ್ಷ ಬೆನ್ನಿಗೆ ನಿಲ್ಲುವ ಗುರು, ನಾಲ್ಕು ಸಾಲು ಬರೆಯುವ ಧೈರ್ಯ, ಈ ಮೂರು ಕೂಡಿಬಂದರೆ ತರಬೇತಿಯು ಅಂಗಡಿಯಾಗುತ್ತದೆ. ಮೊದಲನೆಯದು ಸರ್ಕಾರದ ಮತ್ತು ಬ್ಯಾಂಕುಗಳ ಹೊಣೆ, ಎರಡನೆಯದು ತರಬೇತಿಯ ಸಂಸ್ಥೆಗಳದು. ಮೂರನೆಯದು ನಮ್ಮದು, ಅದಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಾಗಿಲ್ಲ.